ಹರಿತ ಕಳೆದ ಆಯುಧ, ಹೆಸರು ಉಳಿಸಿಕೊಂಡ ಪದಕ

ಮಹಾನವಮಿಯ ದಿನ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಒಕ್ಕಲು ಮನೆಗಳಲ್ಲಿ ನೇಗಿಲು, ಕುಂಟೆ, ಕುಡಗೋಲು, ಕೊಡಲಿಗಳನ್ನು ತೊಳೆದು, ವಿಭೂತಿ ಧರಿಸಿ ಪೂಜಿಸುವ ವಾಡಿಕೆಯುಂಟು. ಹಳೆಯ ಗೌಡಕಿಯ ಮನೆಗಳಲ್ಲಿ ಆ ಸಾಲಿನ ಕೊನೆಗೆ ಹಿಡಿಕೆ ಸಡಿಲಗೊಂಡ ಕತ್ತಿಯೊಂದು ಬಂದು ಕೂಡುತ್ತದೆ. ಸೈನ್ಯದಲ್ಲಿದ್ದು ಬಂದವರ ಮನೆಯಾದರೆ ಬಣ್ಣ ಮಾಸಿದ ಪಟ್ಟಿಯ ಒಂದೆರಡು ಪದಕಗಳೂ ಇರಬಹುದು. ಉಳಿದ ದಿನಗಳಲ್ಲಿ ಇವುಗಳ ವಾಸ ಅಟ್ಟದ ಮೇಲೆ, ಇಲ್ಲವೆ ಟ್ರಂಕಿನ ತಳದಲ್ಲಿ. ರಣಕಾರ್ಯಕ್ಕೆ ಒದಗದ ಇಂಥ ವಸ್ತುಗಳನ್ನು ಅರಸಿ ಸಂಗ್ರಹಿಸುವವರು ಜಗತ್ತಿನಲ್ಲೆಲ್ಲ ಇದ್ದಾರೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಖಡ್ಗವೊಂದು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಕಬ್ಬಿಣಕ್ಕೆ ಅಷ್ಟು ಬೆಲೆಯಿಲ್ಲ. ಅದನ್ನು ಹಿಡಿದಿದ್ದ ಕೈ ಯಾರದೆಂಬ ತಿಳಿವಳಿಕೆಗೆ ಬಂದ ಬೆಲೆ ಅದು.

ಸಂಗ್ರಹಕಾರರ ಮಾತು ಬಂದಾಗ ನಮ್ಮ ಸೀಮೆಯವರು ಸಾಲಾರಜಂಗ್ ಮನೆತನವನ್ನು ನೆನೆಯದಿರಲಾಗದು. ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳ, ಯಲಬುರ್ಗಾಗಳು ಆ ಮನೆತನದ ಜಹಗೀರಿಗೆ ಸೇರಿದ್ದವು. ಮೂರನೆಯ ಸಾಲಾರಜಂಗ್ ದೇಶ ವಿದೇಶಗಳಿಂದ ತರಿಸಿ ಕೂಡಿಟ್ಟ ಅಪಾರ ವಸ್ತುಗಳು 1951ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಕತ್ತಿ, ಕಠಾರಿ, ಗುರಾಣಿಗಳಿಗೂ ಸ್ಥಾನ ದೊರೆತಿದೆ. ಜಹಗೀರಿನ ಹಳ್ಳಿಗಳ ಸಾಮಾನ್ಯರ ಮನೆಯ ಆಯುಧಗಳಿಗೆ ಮಾತ್ರ ಅಂಥ ಭಾಗ್ಯ ಬರಲಿಲ್ಲ.

ಅವು ಇಂದು ವಿರಳವಾಗಿರುವುದಕ್ಕೆ ಕಾರಣ ಇತಿಹಾಸದಲ್ಲಿಯೇ ಇದೆ. 1857ರ ದಂಗೆಯ ಬೆನ್ನಿಗೆ ಆಂಗ್ಲ ಸರಕಾರವು ಪ್ರಜೆಗಳು ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ಮಾಡಿತು. ಮುಧೋಳದ ಸಮೀಪದ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿ 1857ರ ನವೆಂಬರಿನಲ್ಲಿ ಪ್ರಾಣ ತೆತ್ತರು. ಮರುವರ್ಷ ಹಮ್ಮಿಗೆಯ ಕೆಂಚನಗೌಡರ ಆಯುಧ ಸಂಗ್ರಹದ ಮೇಲೆ ಸರಕಾರದ ಕಣ್ಣು ಬಿದ್ದಾಗ ಮುಂಡರಗಿಯ ಭೀಮರಾಯರು ಬಂಡೆದ್ದರು. ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ತುಂಗಭದ್ರೆಯ ಈಚೆಗಿನ ಕೊಪ್ಪಳದ ಕೋಟೆಯನ್ನು ಹಿಡಿದು ನಿಂತು, ಅಲ್ಲಿಯೇ ಕೆಂಚನಗೌಡರೊಂದಿಗೆ ಹೋರಾಡುತ್ತ ಮಡಿದರು. ಒಂದು ಮನೆಯಲ್ಲಿದ್ದ ಆಯುಧಗಳ ಪ್ರಶ್ನೆಯೇ ಆ ಕಾಳಗಕ್ಕೆ ಕಿಡಿಯಾಯಿತು. ಅನಂತರದ ವರ್ಷಗಳಲ್ಲಿ ಆಯುಧವನ್ನು ಬಚ್ಚಿಡುವುದೂ ಬಾವಿಗೆ ಎಸೆಯುವುದೂ ಜಾಣತನವೆನಿಸಿದ್ದರೆ ಆಶ್ಚರ್ಯವಿಲ್ಲ.

ತೋಪುಗಳನ್ನು ನಿರುಪಯುಕ್ತಗೊಳಿಸುವ ವಿಧಾನ ಹಿಂದೆ ಬಹು ಸರಳವಾಗಿತ್ತು. ಮದ್ದಿಗೆ ಕಿಡಿ ತಗುಲಿಸುವ ಕಿರುರಂಧ್ರಕ್ಕೆ ಗಟ್ಟಿಯಾದ ಮೊಳೆಯೊಂದನ್ನು ಜಡಿದರೆ ತೋಪು ಮೂಕವಾಗುತ್ತಿತ್ತು. ಹೊತ್ತೊಯ್ಯಲಾಗದ ತೋಪು ಶತ್ರುವಿನ ಕೈಸೇರುವ ಮೊದಲು ಸೈನಿಕರು ಮಾಡುತ್ತಿದ್ದ ಕೆಲಸವದು. ಮೂಕವಾದ ಮೇಲೆ ಅದಕ್ಕಿದ್ದ ದೊಡ್ಡ ಶತ್ರು ತಕ್ಕಡಿ. ವಿಜಾಪುರದ ಮಲಿಕ್-ಎ-ಮೈದಾನ ತೋಪನ್ನು ನೋಡಿ ಬಂದ ಓದುಗರು ಅನೇಕರಿರಬಹುದು. 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡ, ಸುಮಾರು 55 ಟನ್ ತೂಕವುಳ್ಳದ್ದೆಂದು ಹೇಳಲಾಗುವ ಈ ತೋಪನ್ನು 1854ರಲ್ಲಿ ಕೆಲಸಕ್ಕೆ ಬಾರದ ವಸ್ತುವೆಂದು ಹರಾಜಿಗೆ ಇಟ್ಟರು. ಕೂಗಿದ ಬೆಲೆ 150 ರೂಪಾಯಿ! ಮೊತ್ತ ತೀರ ಅಲ್ಪವೆಂದು ಕಂಡು ಅಧಿಕಾರಿಗಳು ಮಾರಾಟವನ್ನು ತಡೆದುದರಿಂದ ಅದು ಉಳಿಯಿತು. ಬೆಲೆ ಇನ್ನಷ್ಟು ಹೆಚ್ಚು ಬಂದಿದ್ದರೆ ಇಂದು ವಿಜಾಪುರದ ಬುರುಜು ಬರಿದಾಗಿರುತ್ತಿತ್ತು.

ಹೆಸರರಿಯದೆಯೂ ಕಾದಿಟ್ಟ ವಸ್ತು ಮುಂದೊಂದು ದಿನ ಮಾತನಾಡಬಲ್ಲದು ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ನಡೆದ ಸಂಗತಿಯೇ ಸಾಕ್ಷಿ. 2002ರಲ್ಲಿ ಅಲ್ಲಿಯ ಬಾವಿಯೊಂದರ ಹೂಳೆತ್ತುವಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ದೊರೆತವು. ಅವು ತೋಪಿನ ಗುಂಡುಗಳೆಂದೇ ಭಾವಿಸಿ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯದಲ್ಲಿ ಇರಿಸಲಾಯಿತು. ಮೈಸೂರಿನ ಸೈನ್ಯ ಆಂಗ್ಲರ ಮೇಲೆ ಪ್ರಯೋಗಿಸಿದ ರಾಕೆಟ್ಟುಗಳು ಅವೆಂಬುದು ತಿಳಿದುಬಂದದ್ದು ತರುವಾಯ. 2018ರ ಜುಲೈನಲ್ಲಿ ಪುರಾತತ್ತ್ವ ಇಲಾಖೆಯವರು ಬಾವಿಯನ್ನು ಅಗೆಸಿದಾಗ ಇನ್ನೂ ಒಂದು ಸಾವಿರದಷ್ಟು ದೊರೆತು, ಮಣ್ಣಿನಲ್ಲಿ ಮದ್ದಿನ ವಾಸನೆ ಇನ್ನೂ ಇತ್ತೆಂದು ವರದಿಯಾಯಿತು. ಮೊದಲ ಕೊಳವೆಗಳು ಗುಜರಿಯವನ ಗಾಡಿ ಹತ್ತಿದ್ದರೆ ಎರಡನೆಯ ಶೋಧಕ್ಕೆ ಎಡೆಯೇ ಇರುತ್ತಿರಲಿಲ್ಲ.

ಆ ವಾಸನೆ ಎಚ್ಚರಿಕೆಯ ಮಾತನ್ನೂ ಹೇಳುತ್ತದೆ. ಮಣ್ಣಿನಲ್ಲಿ ಸಿಕ್ಕ ಗುಂಡನ್ನು, ಮದ್ದು ತುಂಬಿರಬಹುದಾದ ಯಾವುದನ್ನೂ ಮನೆಗೆ ತರಬಾರದು, ಬಡಿಯಬಾರದು, ಕಾಯಿಸಬಾರದು. ಪೊಲೀಸರಿಗೆ ತಿಳಿಸುವುದೇ ಸರಿಯಾದ ದಾರಿ. ಬಂದೂಕಿನ ವಿಷಯದಲ್ಲಿ ಕಾನೂನು ಅನೇಕರು ಅಂಜುವಷ್ಟು ಕಠೋರವಾಗಿಲ್ಲ, ಕೆಲವರು ತಿಳಿದಷ್ಟು ಸಡಿಲವೂ ಅಲ್ಲ. 1959ರ ಆಯುಧ ಕಾಯಿದೆಯ 45ನೆಯ ಕಲಮಿನಂತೆ, ಬಳಕೆ ತಪ್ಪಿದ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವು ದುರಸ್ತಿ ಮಾಡಿದರೂ ಗುಂಡು ಹಾರಿಸಲಾರದಂತಿದ್ದರೆ ಕಾಯಿದೆಯ ಬಂಧನ ಅದಕ್ಕಿಲ್ಲ. ‘ದುರಸ್ತಿ ಮಾಡಿದರೂ’ ಎಂಬುದನ್ನು ಗಮನಿಸಬೇಕು. ಅಜ್ಜನ ಕಾಲದ ಕೋವಿ ತುಕ್ಕು ಹಿಡಿದಿದೆ ಎಂದಮಾತ್ರಕ್ಕೆ ಅದು ನಿರ್ಜೀವವಲ್ಲ. ಲೈಸೆನ್ಸುದಾರರು ಲಿಂಗೈಕ್ಯರಾದ ಮೇಲೆ ಕೋವಿಯನ್ನು ವಾರಸುದಾರರು ಹಾಗೆಯೇ ಇಟ್ಟುಕೊಳ್ಳದೆ, ಪೊಲೀಸ್ ಠಾಣೆಯಲ್ಲಿಯೋ ಪರವಾನಿಗೆ ಪಡೆದ ವ್ಯಾಪಾರಿಯಲ್ಲಿಯೋ ಜಮೆ ಮಾಡಿ ಮುಂದಿನ ಅನುಮತಿ ಕೇಳಬೇಕು. ಬ್ರಿಟನ್ನಿನಲ್ಲಿ ಸಂಗ್ರಹಕಾರರು ಕೊಳ್ಳುವ ಬಂದೂಕಿನ ನಳಿಗೆಯನ್ನು ಅಡೆದು, ಒಳಭಾಗಗಳನ್ನು ಕೆಡಿಸಿ, ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ನಾವು ಊರ ಕಮ್ಮಾರನಿಂದ ಬೆಸುಗೆ ಹಾಕಿಸಿದರೆ ಪ್ರಮಾಣಪತ್ರವೂ ಸಿಗದು, ವಸ್ತುವೂ ಕೆಡುವುದು. ನೂರು ವರ್ಷಗಳಿಗೂ ಹಳೆಯದಾದ ಆಯುಧವನ್ನು 1972ರ ಕಾಯಿದೆ ಪುರಾವಸ್ತುವೆಂದೇ ಎಣಿಸುತ್ತದೆ. ಅದನ್ನು ಖಾಸಗಿಯವರು ಪರದೇಶಕ್ಕೆ ಮಾರುವಂತಿಲ್ಲ.

ಆದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಅಳಿಯುತ್ತಿರುವುದು ಕೋವಿಯಲ್ಲ, ಪದಕ. ಮೊದಲ ಮಹಾಯುದ್ಧದ ಸೈನಿಕರಿಗೆ ದೊರೆತ ಬ್ರಿಟಿಷ್ ಯುದ್ಧ ಪದಕವು ಬೆಳ್ಳಿಯದಾಗಿದ್ದುದೇ ಅದಕ್ಕೆ ಮುಳುವಾಯಿತು. ಬೆಳ್ಳಿಯ ದರ ಏರಿದಾಗಲೆಲ್ಲ ಎಷ್ಟೋ ಪದಕಗಳು ಅಕ್ಕಸಾಲಿಗರ ಮೂಸೆ ಸೇರಿದವು. ಪದಕದ ಅಂಚನ್ನು ಕನ್ನಡಕ ಹಾಕಿಕೊಂಡು ನೋಡಿದರೆ ಸೈನಿಕನ ನಂಬರು, ಹುದ್ದೆ, ಹೆಸರು, ಪಲ್ಟನ್ನು ಕೊರೆದಿರುವುದು ಕಾಣುತ್ತದೆ. ಎರಡನೆಯ ಮಹಾಯುದ್ಧದ ಪದಕಗಳನ್ನು ಬ್ರಿಟನ್ನಿನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರೂ ಭಾರತೀಯ ಸೈನಿಕರ ಪದಕಗಳಲ್ಲಿ ಹೆಸರು ಕೊರೆಸಲಾಗಿತ್ತು. ಅಕ್ಷರ ಬಲ್ಲವರೇ ಕಡಿಮೆಯಿದ್ದ ಹಳ್ಳಿಗಳಲ್ಲಿ ಒಬ್ಬ ಸಾಮಾನ್ಯ ಸಿಪಾಯಿಯ ಹೆಸರು ಲೋಹದಲ್ಲಿ ಉಳಿದಿರುವ ಒಂದೇ ಸ್ಥಳ ಅದಾಗಿರಬಹುದು.

ಆದುದರಿಂದ ತಾಯಂದಿರಲ್ಲಿ ಒಂದು ವಿನಂತಿ. ಹಬ್ಬಕ್ಕೆಂದು ಪದಕವನ್ನಾಗಲಿ ಹಿತ್ತಾಳೆಯ ಬಿಲ್ಲೆಯನ್ನಾಗಲಿ ಹುಣಸೆಹಣ್ಣು, ನಿಂಬೆ, ಬೂದಿಗಳಿಂದ ತಿಕ್ಕಬೇಡಿರಿ. ಹೊಳಪು ಬರುವುದು ನಿಜ, ಅದರೊಂದಿಗೆ ಅಂಚಿನ ಅಕ್ಷರಗಳೂ ಸವೆಯುತ್ತವೆ. ಒಣ ಮೆತ್ತನೆಯ ಬಟ್ಟೆ ಸಾಕು. ಕತ್ತಿಗೆ ಉಸುಕಿನ ಕಾಗದ ಹಚ್ಚದೆ, ನೀರು ತಾಗಿಸದೆ, ತೆಳುವಾಗಿ ಎಣ್ಣೆ ಸವರಿ ಒಣ ಜಾಗದಲ್ಲಿಡಬೇಕು. ಜೊತೆಗೆ ಒಂದು ಹಾಳೆಯಲ್ಲಿ ಇದು ಯಾರದು, ಯಾವ ಊರಿನವರು, ಯಾವ ಪಲ್ಟನ್ನು, ಎಲ್ಲಿ ಕಾದಾಡಿದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆಸಿರಿ. ಡಿಸ್ಚಾರ್ಜ್ ಪತ್ರ, ಪಿಂಚಣಿ ಪುಸ್ತಕ, ರಣರಂಗದಿಂದ ಬಂದ ಕಾರ್ಡುಗಳಿದ್ದರೆ ಅವನ್ನೂ ಅದೇ ಪೆಟ್ಟಿಗೆಯಲ್ಲಿಡಿರಿ. ಮನೆಯಲ್ಲಿ ಕಾಯುವವರಿಲ್ಲವೆಂದಾದರೆ ಪೆಟ್ಟಿಗೆಯನ್ನು ಒಡೆದು ಹಂಚದೆ, ಇಡಿಯಾಗಿ ಸಮೀಪದ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ ರಸೀದಿ ಪಡೆಯಬಹುದು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆಯೇ 2021ರಲ್ಲಿ ಸಂಗ್ರಹಾಲಯವಾಯಿತು. ನಮ್ಮ ಸೀಮೆಯ ಸಿಪಾಯಿಗಳ ಪದಕಗಳು ಸದ್ಯಕ್ಕೆ ಟ್ರಂಕುಗಳಲ್ಲಿಯೇ ಇವೆ.