ಕಾಣದ ಬಾಗಿಲು

ಜೀವಕೋಶಕ್ಕೆ ಗೋಡೆಯಂಥ ಪೊರೆಯಿರುವುದನ್ನು ಎಲ್ಲರೂ ಬಲ್ಲರು. ಆ ಪೊರೆಯಲ್ಲಿ ತೆರೆದು ಮುಚ್ಚುವ ಬಾಗಿಲುಗಳೂ ಇವೆ. ಕನ್ನಡದ ಮೇಷ್ಟರಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಣ್ಣಿಗೆ ಕಾಣದ ಆ ಬಾಗಿಲನ್ನು ಕುರಿತು ಇಬ್ಬರು ವಿದ್ವಾಂಸರು ತೋರಿದ ಮಾತಿನ ಸಂಯಮವೇ ನನ್ನನ್ನು ಇತ್ತ ಸೆಳೆಯಿತು.

ಅವರು ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ. ಪ್ಲಿಮತ್‌ನ ಕಡಲತೀರದ ಪ್ರಯೋಗಶಾಲೆಯಲ್ಲಿ ಅವರು ಪರೀಕ್ಷಿಸಿದ್ದು ಸ್ಕ್ವಿಡ್ಡಿನ, ಎಂದರೆ ನಮ್ಮ ಕರಾವಳಿಯವರ ಬೊಂಡಾಸಿನ, ನರತಂತುವನ್ನು. ಅದು ಸುಮಾರು ಅರ್ಧ ಮಿಲಿಮೀಟರು ದಪ್ಪ. ಒಳಗೆ ತಂತಿಯನ್ನೇ ತೂರಿಸಬಹುದು. ನರತಂತುವಿನ ಒಳಗು ಹೊರಗಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಅಲ್ಪವೆನ್ನಬೇಡಿ. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರು; ಲೆಕ್ಕ ಹಾಕಿದರೆ ಅದರೊಳಗಿನ ವಿದ್ಯುತ್‌ಕ್ಷೇತ್ರ ಮೀಟರಿಗೆ ಒಂದು ಕೋಟಿ ವೋಲ್ಟನ್ನು ಮೀರುತ್ತದೆ! ಈ ಅಂತರ ಕುಗ್ಗಿದಾಗ ವಿದ್ಯುದಂಶ ಹೊತ್ತ ಸೋಡಿಯಂ ಕಣಗಳು, ಅಯಾನುಗಳು, ಒಳನುಗ್ಗುತ್ತವೆ. ಕ್ಷಣಾರ್ಧದಲ್ಲಿ ಆ ದಾರಿ ಮುಚ್ಚಿ ಪೊಟ್ಯಾಸಿಯಂ ಹೊರನಡೆಯುತ್ತದೆ. ನರದ ಸಂದೇಶವೆಂದರೆ ಇದೇ.

1952ರಲ್ಲಿ ಅವರು ಇದನ್ನೆಲ್ಲ ಸಮೀಕರಣಗಳಾಗಿ ಪ್ರಕಟಿಸಿದರು. ಕೇಂಬ್ರಿಜ್ಜಿನ ಗಣಕಯಂತ್ರ ಒದಗದೆ, ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದ ಹಿಡಿಯನ್ನು ವಾರಗಟ್ಟಲೆ ತಿರುವಿದ್ದರು. ಪೊಟ್ಯಾಸಿಯಮ್ಮಿನ ಬಾಗಿಲು ತೆರೆಯಲು ನಾಲ್ಕು ವಿದ್ಯುತ್ಕಣಗಳು ಒಟ್ಟಿಗೇ ತಕ್ಕ ಸ್ಥಾನದಲ್ಲಿರಬೇಕೆಂದು ಭಾವಿಸಿದರೆ ಲೆಕ್ಕ ಹೊಂದುತ್ತಿತ್ತು. ಬೇರೆಯವರಾಗಿದ್ದರೆ ಡಂಗುರ ಸಾರುತ್ತಿದ್ದರು. ಇವರಾದರೋ, ಸಮೀಕರಣ ಫಲಿಸಿದ ಮಾತ್ರಕ್ಕೆ ತಾವು ಕಲ್ಪಿಸಿದ ಯಂತ್ರವೇ ಅಲ್ಲಿದೆಯೆಂದು ಸಿದ್ಧವಾಗದೆಂದು ಆ ಪ್ರಬಂಧದಲ್ಲೇ ಬರೆದರು. ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನು ನಮ್ಮ ತಾರ್ಕಿಕರು ಅನುಮಾನವೆಂಬ ಪ್ರಮಾಣವಾಗಿ ಒಪ್ಪಿದರು. ಹೊಗೆ ಕಂಡು ಒಲೆಯ ಆಕಾರವನ್ನು ಹೇಳುವುದು ಬೇರೆ ಮಾತು. ಒಂದು ಶಬ್ದರೂಪ ಸಿಕ್ಕಿದೊಡನೆ ಕವಿಯ ಕಾಲ, ದೇಶ, ಮತಗಳನ್ನೆಲ್ಲ ನಿರ್ಣಯಿಸಿಬಿಡುವ ನಾವು, ಸಾಹಿತ್ಯದ ಅಧ್ಯಾಪಕರು, ಆ ವಾಕ್ಯವನ್ನು ಬರೆಯಿಸಿ ಗೋಡೆಗೆ ತೂಗುಹಾಕಬೇಕು.

ಪ್ರತ್ಯಕ್ಷ ಪ್ರಮಾಣ ನಿಧಾನವಾಗಿ ಬಂತು. 1973ರಲ್ಲಿ, ಬಾಗಿಲಿನ ಅಂಗಗಳೇ ಸರಿಯುವಾಗ ಹುಟ್ಟುವ ಕ್ಷೀಣ ವಿದ್ಯುತ್ತನ್ನು ಆರ್ಮ್‌ಸ್ಟ್ರಾಂಗ್ ಮತ್ತು ಬೆಜಾನಿಲ್ಲ ಅಳೆದರು. 1976ರಲ್ಲಿ ಜರ್ಮನಿಯ ನೇಹರ್ ಮತ್ತು ಸಾಕ್‌ಮನ್, ರಾಸಾಯನಿಕಕ್ಕೆ ಓಗೊಡುವ ಬೇರೊಂದು ಜಾತಿಯ ಬಾಗಿಲನ್ನು ಒಂಟಿಯಾಗಿ ಹಿಡಿದರು. ಅದು ತಟ್ಟನೆ ತೆರೆಯುತ್ತದೆ, ತಟ್ಟನೆ ಮುಚ್ಚುತ್ತದೆ. ಯಾವ ಗಳಿಗೆಯಲ್ಲೆಂಬುದು ಆಕಸ್ಮಿಕ. ವೋಲ್ಟಿಗೆ ಓಗೊಡುವ ಬಾಗಿಲುಗಳ ನಡತೆಯೂ ಹಾಗೆಯೇ. ವಿದ್ಯುತ್ತು ಅವುಗಳಿಗೆ ಅಪ್ಪಣೆ ಕೊಡುವುದಿಲ್ಲ. ತೆರೆಯುವ ಸಂಭವವನ್ನು ಹೆಚ್ಚಿಸುತ್ತದೆ, ಅಷ್ಟೆ. ಅಸಂಖ್ಯ ಬಾಗಿಲುಗಳ ಚಪಲಗಳು ಕೂಡಿ ಆ ನಯವಾದ ಸಮೀಕರಣವಾಗಿವೆ.

1998ರಲ್ಲಿ ಅಮೆರಿಕದ ಮ್ಯಾಕಿನ್ನನ್ ಮತ್ತು ಸಂಗಡಿಗರು ಕ್ಷಕಿರಣಗಳಿಂದ ಬ್ಯಾಕ್ಟೀರಿಯಾದ ಪೊಟ್ಯಾಸಿಯಂ ಬಾಗಿಲೊಂದರ ರೂಪವನ್ನು ಕಂಡರು: ರಂಧ್ರದ ಸುತ್ತ ಒಂದೇ ತೆರನಾದ ಪ್ರೋಟೀನಿನ ತುಂಡುಗಳು, ಸರಿಯಾಗಿ ನಾಲ್ಕು. ವೋಲ್ಟನ್ನು ಅರಿಯುವ ಬಾಗಿಲುಗಳಲ್ಲಾದರೆ ಪ್ರತಿ ತುಂಡಿಗೂ ಧನ ವಿದ್ಯುದಂಶದ ಒಂದು ಸುರುಳಿ. ಅಂತರ ಬದಲಾದಂತೆ ಸರಿಯುವುದು ಅದೇ. ಆ ವರ್ಷದ ಡಿಸೆಂಬರಿನಲ್ಲಿ ಹಾಡ್ಜ್‌ಕಿನ್ ತೀರಿಕೊಂಡರು. ಆ ಸುರುಳಿ ಎಷ್ಟು ದೂರ ಸರಿಯುತ್ತದೆಂಬ ವಾಗ್ವಾದ ಅನಂತರವೂ ನಡೆಯಿತು.