ಶಟ್‌ಡೌನ್ ಆದ ಮೇಲೂ ಎಚ್ಚರ

ಹೊನ್ನಾಳಿಯಂಥ ತಾಲ್ಲೂಕು ಕೇಂದ್ರಗಳಲ್ಲಿ ಎಷ್ಟೋ ರೈತರು ಕಂಪ್ಯೂಟರನ್ನು ಮೊದಲು ಹತ್ತಿರದಿಂದ ನೋಡಿದ್ದು ಜಮೀನು ದಾಖಲೆ ಕೊಡುವ ಸರ್ಕಾರದ ‘ಭೂಮಿ’ ಕೌಂಟರಿನಲ್ಲಿ. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲೂ 15 ರೂಪಾಯಿಗೆ ಪಹಣಿ ಪ್ರಿಂಟಾಗಿ ಕೈಗೆ ಸಿಗುತ್ತಿತ್ತು. ನಡುವೆ ಕರೆಂಟು ಹೋದರೆ ಯುಪಿಎಸ್ ಕೂಗಲು ಶುರು. ಅದರ ಬ್ಯಾಟರಿ ಮುಗಿಯುವುದರೊಳಗೆ ಶಟ್‌ಡೌನ್ ಕೊಡಬೇಕು. ಫ್ಯಾನು, ಬಲ್ಬಿಗಿಲ್ಲದ ಈ ಉಪಚಾರ ಕಂಪ್ಯೂಟರಿಗೇಕೆ?

ನಾವು ಸೇವ್ ಮಾಡಿದ್ದೆಲ್ಲ ಆ ಕ್ಷಣಕ್ಕೇ ಡಿಸ್ಕ್ ಸೇರಿರುವುದಿಲ್ಲ. ಒಂದಿಷ್ಟು ಮೆಮೊರಿಯಲ್ಲೇ ಕಾಯುತ್ತಿರುತ್ತದೆ. ಅದನ್ನೆಲ್ಲ ಬರೆದು ಮುಗಿಸುವ ಕೆಲಸವೇ ಶಟ್‌ಡೌನ್. ವಿಂಡೋಸ್ 95ರ ಕಾಲದ ಹಲವು ಯಂತ್ರಗಳು ಅಷ್ಟು ಮಾಡಿ, ‘ಇನ್ನು ಆಫ್ ಮಾಡಬಹುದು’ ಎಂದು ಕಪ್ಪು ಪರದೆಯ ಮೇಲೆ ಕಿತ್ತಳೆ ಅಕ್ಷರದಲ್ಲಿ ತೋರಿಸಿ ಸುಮ್ಮನಾಗುತ್ತಿದ್ದವು. ಡಬ್ಬದ ಸ್ವಿಚ್ ನೇರವಾಗಿ 230 ವೋಲ್ಟ್ ಕಡಿಯುತ್ತಿತ್ತು. ಅದನ್ನು ಒತ್ತಲು ಮನುಷ್ಯನೇ ಬೇಕು.

1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸ ಇದನ್ನು ಬದಲಿಸಿತು. ಈಗಿನ ಪವರ್ ಗುಂಡಿ ಬರೀ ಕಾಲಿಂಗ್ ಬೆಲ್. ಕರೆಂಟು ಕೊಡುವುದೋ ಬಿಡುವುದೋ ಎಂಬುದನ್ನು ಮದರ್‌ಬೋರ್ಡು ಒಂದು ಹಸಿರು ತಂತಿಯ ಮೂಲಕ ಒಳಗಿನ ವಿದ್ಯುತ್ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ಗೆ ತಿಳಿಸುತ್ತದೆ. ಆ ತಂತಿ ಗ್ರೌಂಡಿಗೆ ತಾಗಿದ್ದರೆ ಆನ್, ಬಿಟ್ಟರೆ ಆಫ್. ರಿಪೇರಿಯವರು ಹಸಿರು ತಂತಿಗೂ ಕಪ್ಪು (ಗ್ರೌಂಡ್) ತಂತಿಗೂ ತುಂಡು ವೈರ್ ಸಿಕ್ಕಿಸಿ ನೋಡುವುದು ಇದಕ್ಕೇ: ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್‌ಗೆ ಜೀವ ಇದೆ. ವಿಂಡೋಸ್ ಅಥವಾ ಲಿನಕ್ಸ್ ತನ್ನ ಕೆಲಸ ಮುಗಿಸಿ ಮದರ್‌ಬೋರ್ಡಿಗೆ ಸೂಚನೆ ಕೊಡುವ ಭಾಷೆ ಎಸಿಪಿಐ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರಲ್ಲಿ ರೂಪಿಸಿದ್ದು.

ಪರದೆ ಕತ್ತಲಾಗಿಯೂ ಫ್ಯಾನ್ ನಿಲ್ಲದಿದ್ದರೆ ಈ ಸೂಚನೆ ಎಲ್ಲೋ ತಪ್ಪಿದೆ ಎಂದರ್ಥ. ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ತೆಗೆದುಹಾಕಿ ನೋಡಿ, ಬಯೋಸ್ ಅಪ್‌ಡೇಟ್ ಮಾಡಿಸಿ. ಏನೂ ಆಗದಿದ್ದರೆ ಗುಂಡಿಯನ್ನು ನಾಲ್ಕೈದು ಸೆಕೆಂಡು ಒತ್ತಿ ಹಿಡಿಯಿರಿ; ಆದರೆ ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ.

ಇನ್ನು ಕರೆಂಟು ಹೋದಾಗಿನ ಮಾತು: ಅನೇಕ ಯುಪಿಎಸ್‌ಗಳ ಜೊತೆ ಒಂದು ಯುಎಸ್‌ಬಿ ಕೇಬಲ್ ಬರುತ್ತದೆ. ಅದನ್ನು ಸಿಕ್ಕಿಸಿ ಸೆಟ್ಟಿಂಗ್ ಮಾಡಿಟ್ಟರೆ ಬ್ಯಾಟರಿ ಇಳಿದಾಗ ಯಾರೂ ಇಲ್ಲದಿದ್ದರೂ ಕಂಪ್ಯೂಟರ್ ತಾನೇ ಶಟ್‌ಡೌನ್ ಆಗುತ್ತದೆ. ನಮ್ಮಲ್ಲಿ ಆ ಕೇಬಲ್ ಪೆಟ್ಟಿಗೆಯಲ್ಲೇ ಉಳಿಯುವುದು ಹೆಚ್ಚು.

ಹೀಗೆ ಆಫ್ ಆದ ಕಂಪ್ಯೂಟರಿನಲ್ಲೂ ನೇರಳೆ ತಂತಿಯೊಂದರಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ, ಗುಂಡಿಯ ಕರೆ ಕೇಳಲು. ಅಂದರೆ ಮೇನ್ಸ್‌ನ ನಂಟು ಕಡಿದಿರುವುದಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಬರುವಂತಿದ್ದರೆ ಶಟ್‌ಡೌನ್ ನಂಬಿ ಕೂರದೆ ಪ್ಲಗ್ಗನ್ನೇ ಕಿತ್ತಿಡಿ, ಜೊತೆಗೆ ಇಂಟರ್ನೆಟ್ ಕೇಬಲನ್ನೂ.