ಪೀಪಾಯಿಗೆ ಬೆಂಗಳೂರಿನ ಬಿಸಿಲು ತಾಗಿದರೆ

ಬರಗೂರಿನ ಓದುಗರೊಬ್ಬರು ಕೇಳಿದ್ದಾರೆ: “ಸ್ಕಾಟ್ಲೆಂಡಿನ ವಿಸ್ಕಿ ಬಾಟಲಿಯ ಮೇಲೆ ಹನ್ನೆರಡು ವರ್ಷ, ಹದಿನೆಂಟು ವರ್ಷ ಅಂತ ಬರೆದಿರುತ್ತೆ. ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಮೇಲೆ ವರ್ಷವೇ ಇಲ್ಲವಲ್ಲ, ಅದು ಎಳಸು ಸರಕೇ?” ಇಂಥ ಪ್ರಶ್ನೆಗೇ ನಾನು ಕಾಯುತ್ತಿದ್ದೆ. ವರ್ಷ ಹೆಚ್ಚಿದಷ್ಟೂ ರುಚಿ ಹೆಚ್ಚು ಎಂಬ ತಪ್ಪು ತಿಳಿವಳಿಕೆ ಅಷ್ಟು ಆಳಕ್ಕೆ ಬೇರುಬಿಟ್ಟಿದೆ.

ಮಾಲ್ಟ್ ಮಾಡುವುದು ಶಿರಾ, ಮಧುಗಿರಿ ಸೀಮೆಯವರಿಗೆ ಹೊಸದೇನಲ್ಲ. ಕೂಸಿಗೆ ಸರಿ ಮಾಡಲು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಾರಲ್ಲ, ಅದೇ ಕೆಲಸ. ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ವಿಸ್ಕಿಯಲ್ಲಿ ರಾಗಿಯ ಜಾಗಕ್ಕೆ ಬಾರ್ಲಿ ಬರುತ್ತದೆ. ಹುದುಗಿಸಿ, ತಾಮ್ರದ ಪಾತ್ರೆಯಲ್ಲಿ ಎರಡು ಸಲ ಬಟ್ಟಿ ಇಳಿಸಿದರೆ ಸಿಗುವುದು ಬಣ್ಣವೇ ಇಲ್ಲದ ದ್ರವ. ಅದು ವಿಸ್ಕಿಯಾಗುವುದು ಓಕ್ ಮರದ ಪೀಪಾಯಿಯೊಳಗೆ.

ವಿಸ್ಮಯ ಇರುವುದು ಇಲ್ಲಿ. ಪೀಪಾಯಿಯ ಒಳಮೈಯನ್ನು ಸುಟ್ಟು ಕರಿ ಮಾಡಿರುತ್ತಾರೆ. ಬಿಸಿಲೇರಿದಾಗ ಮದ್ಯ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ತಂಪಾದಾಗ ಕುಗ್ಗಿ ಹೊರಬರುತ್ತದೆ. ಬರುವಾಗ ಮರದ ಸಾರವನ್ನೂ ಎಳೆದು ತರುತ್ತದೆ. ಮರದಲ್ಲಿನ ಲಿಗ್ನಿನ್ ಎಂಬ ವಸ್ತು ಒಡೆದು ವೆನಿಲಾ ಪರಿಮಳ, ಓಕ್‌ನ ಲ್ಯಾಕ್ಟೋನ್‌ನಿಂದ ತೆಂಗಿನಕಾಯಿಯ ವಾಸನೆ, ಸುಟ್ಟ ಮರದಿಂದ ಹೊನ್ನಿನ ಬಣ್ಣ. ಇತ್ತ ಮರದ ಸೂಕ್ಷ್ಮ ರಂಧ್ರಗಳ ಮೂಲಕ ಒಂದಷ್ಟು ಆವಿಯಾಗಿ ಹೋಗುತ್ತಲೇ ಇರುತ್ತದೆ. ಇದನ್ನು ಸ್ಕಾಟ್ಲೆಂಡಿನವರು ದೇವತೆಗಳ ಪಾಲು ಎನ್ನುತ್ತಾರೆ.

ಅಲ್ಲಿಯ ಚಳಿಯಲ್ಲಿ ಆ ಪಾಲು ವರ್ಷಕ್ಕೆ ಸುಮಾರು ಶೇ. 2. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಬೆಂಗಳೂರಿನ ಸೆಕೆಯಲ್ಲಿ ಶೇ. 10ಕ್ಕೂ ಮಿಗಿಲು. ಶೇ. 10 ಎಂದೇ ಹಿಡಿದು ಲೆಕ್ಕ ಹಾಕೋಣ. 200 ಲೀಟರಿನ ಪೀಪಾಯಿಯಲ್ಲಿ ಹನ್ನೆರಡು ವರ್ಷದ ನಂತರ ಅಲ್ಲಿ 157 ಲೀಟರ್ ಉಳಿದರೆ ಇಲ್ಲಿ ಉಳಿಯುವುದು 56! ನಾಲ್ಕೇ ವರ್ಷಕ್ಕೆ 131ಕ್ಕೆ ಇಳಿದಿರುತ್ತದೆ. ಹಾಗೆಂದು ಇದು ಬರೀ ನಷ್ಟವಲ್ಲ. ಅದೇ ಸೆಕೆ ಮರದ ಸಾರವನ್ನೂ ಬೇಗ ಹೊರಗೆಳೆಯುತ್ತದೆ. ನಾಲ್ಕೈದು ವರ್ಷಕ್ಕೇ ಇಲ್ಲಿಯ ಮಾಲ್ಟ್ ಹದಕ್ಕೆ ಬರುತ್ತದೆ, ಮಿತಿ ಮೀರಿದರೆ ಮರದ ಒಗರೇ ಮೇಲಾಗುತ್ತದೆ. ಆದ್ದರಿಂದ ಬಾಟಲಿಯ ಮೇಲಿನ ಅಂಕಿಯನ್ನು ಪೀಪಾಯಿ ಇದ್ದ ಊರಿನ ಹವೆಯ ಜೊತೆಗಿಟ್ಟೇ ಓದಬೇಕು. ಎಂಟು ವರ್ಷ ಕಾದ ತಮ್ಮ ಮಾಲ್ಟನ್ನು ಅಮೃತ್‌ನವರು 2013ರಲ್ಲಿ ಹೊರತಂದಾಗ ಅದಕ್ಕಿಟ್ಟ ಹೆಸರೇ ‘ಗ್ರೀಡಿ ಏಂಜೆಲ್ಸ್’, ದುರಾಸೆಯ ದೇವತೆಗಳು!

ಈ ಕಂಪನಿಯನ್ನು 1948ರಲ್ಲಿ ಶುರು ಮಾಡಿದವರು ರಾಧಾಕೃಷ್ಣ ಜಗದಾಳೆ. ಅವರ ಮಗ ನೀಲಕಂಠ ರಾವ್ ಜಗದಾಳೆಯವರ ಕಾಲದಲ್ಲಿ, 2004ರಲ್ಲಿ, ಈ ಸಿಂಗಲ್ ಮಾಲ್ಟ್ ಮೊದಲು ಮಾರುಕಟ್ಟೆಗೆ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ವಿಸ್ಕಿಯ ತವರಿನಲ್ಲೇ ಪರೀಕ್ಷೆಗೆ ನಿಂತ ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ನಮ್ಮಲ್ಲಿ ವಿಸ್ಕಿ ಎಂದು ಮಾರಾಟವಾಗುವುದರಲ್ಲಿ ಹಲವಕ್ಕೆ ಕಬ್ಬಿನ ಕಾಕಂಬಿಯ ಮದ್ಯಸಾರ ಬೆರೆತಿರುತ್ತದೆ, ಇದು ಅಪ್ಪಟ ಬಾರ್ಲಿಯದು. ಇವರ ‘ಫ್ಯೂಷನ್’ ಎಂಬ ಮಾಲ್ಟ್‌ನಲ್ಲಿ ಕಾಲು ಪಾಲು ಸ್ಕಾಟ್ಲೆಂಡಿನ ಬಾರ್ಲಿ. ಪೀಟ್ ಎಂಬ ಜೌಗು ನೆಲದ ಇಂಧನದ ಹೊಗೆಯಲ್ಲಿ ಒಣಗಿಸಿದ್ದು. ಉಳಿದದ್ದು ನಮ್ಮ ದೇಶದ್ದು. ಹಾಗಾಗಿ ಟಾಫಿಯ ಸಿಹಿಯ ಹಿಂದೆಯೇ ತೆಳ್ಳಗೆ ಹೊಗೆ ಬರುತ್ತದೆ. ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ಕೈಪಿಡಿಯಲ್ಲಿ ಇದಕ್ಕೆ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟರು.

ಇನ್ನೊಂದು ಮೂಢನಂಬಿಕೆಯನ್ನು ಇಲ್ಲೇ ಗದರಿಸಿಬಿಡುತ್ತೇನೆ. ವಿದೇಶದಿಂದ ಬಂದ ಬಾಟಲಿಯನ್ನು ಬೀರುವಿನಲ್ಲಿಟ್ಟು ವರ್ಷಗಟ್ಟಲೆ ‘ಹಣ್ಣು’ ಮಾಡುವವರಿದ್ದಾರೆ. ಗಾಜಿಗೆ ಕೊಡುವುದಕ್ಕೇನೂ ಇಲ್ಲ! ಪೀಪಾಯಿಯಿಂದ ಹೊರಬಿದ್ದ ದಿನವೇ ವಿಸ್ಕಿಯ ವಯಸ್ಸು ನಿಂತಿತು.

ಇನ್ನು ಪೀಪಾಯಿಯಿಂದ ಆವಿಯಾದ ಆ ದೇವತೆಗಳ ಪಾಲು ಹೋಗುವುದೆಲ್ಲಿಗೆ? ಬಹುಪಾಲು ಗಾಳಿಗೆ. ಆದರೆ ಅದನ್ನು ಉಣ್ಣುವ ಜೀವಿಯೊಂದು ನಿಜವಾಗಿಯೂ ಇದೆ: ಒಂದು ಕಪ್ಪು ಶಿಲೀಂಧ್ರ. ಫ್ರಾನ್ಸಿನ ಕೊನ್ಯಾಕ್‌ನಲ್ಲಿ ಬ್ರಾಂಡಿ ಉಗ್ರಾಣಗಳ ಗೋಡೆಗೆ ಮಸಿಯಂತೆ ಹತ್ತಿದ್ದ ಇದನ್ನು 1872ರಲ್ಲಿ ಆಂಟೊನಿನ್ ಬೊಡ್ವಾ ಎಂಬ ಔಷಧಿ ತಯಾರಕ ಗಮನಿಸಿ ಬರೆದ. ಅವನ ನೆನಪಿಗೆ ಬೊಡೊಯಿನಿಯಾ ಎಂಬ ಹೆಸರು ಸಿಕ್ಕಿದ್ದು 2007ರಲ್ಲಿ. ಗಾಳಿಯಲ್ಲಿ ತೇಲಿಬರುವ ಮದ್ಯಸಾರದ ಆವಿಯೇ ಇದಕ್ಕೆ ಆಹಾರ. ಆ ಆವಿ ಸೋಕಿದ ಮೇಲೆ ಇದಕ್ಕೆ ಕಾವು ತಾಳುವ ಶಕ್ತಿಯೂ ಹೆಚ್ಚುತ್ತದೆ. ಬಿಸಿಲಿಗೆ ಕಾದ ಗೋಡೆ, ತಗಡಿನ ಸೂರಿನ ಮೇಲೂ ಅದು ಬದುಕುತ್ತದೆ.